ಕೊಪಣತೀರ್ಥದ ಔಷಧದಾನವೂ ಅರಿವಿನ ಋಣವೂ

ಜೈನಶ್ರಾವಕನಿಗೆ ವಿಹಿತವಾದ ದಾನಗಳು ನಾಲ್ಕು: ಆಹಾರ, ಅಭಯ, ಭೈಷಜ್ಯ ಮತ್ತು ಶಾಸ್ತ್ರ. ಕರ್ನಾಟಕದ ಜೈನ ಶಾಸನಗಳಲ್ಲಿ ದಾನಿಗಳನ್ನು ಹೊಗಳುವಾಗ ಈ ನಾಲ್ಕು ಹೆಸರುಗಳು ಮತ್ತೆ ಮತ್ತೆ ಒಟ್ಟಾಗಿಯೇ ಬರುತ್ತವೆ. ಇವು ನಾಲ್ಕು ಬೇರೆ ಬೇರೆ ಪುಣ್ಯಕಾರ್ಯಗಳೆಂದೂ, ಅನುಕೂಲವಿದ್ದಂತೆ ಯಾವುದಾದರೊಂದನ್ನು ಆಚರಿಸಿದರೆ ಸಾಕೆಂದೂ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ನಮ್ಮ ನಾಡಿನ ಇತಿಹಾಸವನ್ನು, ಅದರಲ್ಲಿಯೂ ಕೊಪ್ಪಳ ಸೀಮೆಯ ಇತಿಹಾಸವನ್ನು ಪರಿಶೀಲಿಸಿದರೆ, ಭೈಷಜ್ಯದಾನವು ಶಾಸ್ತ್ರದಾನದಿಂದ ಅಗಲಿದಾಗಲೆಲ್ಲ ನಿಷ್ಫಲವಾಗಿರುವುದು ಕಂಡುಬರುತ್ತದೆ. ಮದ್ದು ಕೊಟ್ಟು ಅರಿವು ಕೊಡದಿದ್ದರೆ ಮದ್ದು ಉಳಿಯುತ್ತದೆ, ರೋಗಿ ಉಳಿಯುವುದಿಲ್ಲ.

ಕೊಪಣವೆಂಬ ಮಹಾತೀರ್ಥ

ಇಂದಿನ ಕೊಪ್ಪಳವೇ ಪ್ರಾಚೀನ ಕೊಪಣ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಊರಿನ ಅಂಚಿನಲ್ಲಿರುವ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಕಿರುಶಾಸನಗಳಿವೆ. ಅದೇ ಪಾಲ್ಕಿಗುಂಡಿನ ಬಂಡೆಯ ಮೇಲೆ ವರಾಂಗಚರಿತದ ಕರ್ತೃವಾದ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂಬ ಹಳಗನ್ನಡ ಬರಹವಿದೆ. ಶಕವರ್ಷ 803ರ, ಎಂದರೆ ಕ್ರಿ.ಶ. 881ರ ಶಾಸನವೊಂದು ಕುಂದಕುಂದಾನ್ವಯದ ಸರ್ವನಂದಿ ಭಟಾರರು ಇಲ್ಲಿ ಊರಿಗೆ ಉಪಕಾರಿಯಾಗಿ ನೆಲಸಿ, ಬಹುಕಾಲ ತಪಸ್ಸನ್ನಾಚರಿಸಿ, ಸಮಾಧಿಯನ್ನು ಪಡೆದರೆಂದು ತಿಳಿಸುತ್ತದೆ. ಹೈದರಾಬಾದ್ ಪುರಾತತ್ತ್ವ ಇಲಾಖೆಯು 1935ರಲ್ಲಿ ಸಿ. ಆರ್. ಕೃಷ್ಣಮಾಚಾರ್ಲು ಅವರ ಸಂಪಾದಕತ್ವದಲ್ಲಿ ಇಲ್ಲಿಯ ಕನ್ನಡ ಶಾಸನಗಳನ್ನು ಪ್ರಕಟಿಸಿದ ಮೇಲೆ ಈ ಕ್ಷೇತ್ರದ ಹಿರಿಮೆ ವಿದ್ವತ್ ಲೋಕಕ್ಕೆ ಸ್ಪಷ್ಟವಾಯಿತು.

ಈ ತೀರ್ಥದ ಕೀರ್ತಿ ದೂರದ ಶ್ರವಣಬೆಳಗೊಳದವರೆಗೂ ಹಬ್ಬಿತ್ತು. ಹೊಯ್ಸಳ ಸೇನಾನಿ ಗಂಗರಾಜನು ಜೀರ್ಣಬಸದಿಗಳನ್ನು ಉದ್ಧರಿಸಿ ಗಂಗವಾಡಿಯನ್ನು ಕೊಪಣದಂತೆ ಬೆಳಗಿಸಿದನೆಂದು ಅಲ್ಲಿಯ ಶಾಸನಗಳು ಕೊಂಡಾಡುತ್ತವೆ. ಹನ್ನೆರಡನೆಯ ಶತಮಾನದ ಹುಳ್ಳ ದಂಡನಾಯಕನು ಕೊಪಣದಲ್ಲಿದ್ದ 24 ಜಿನಮುನಿಗಳ ಸಂಘಕ್ಕೆ ಶಾಶ್ವತವಾದ ವೃತ್ತಿಯನ್ನು ಏರ್ಪಡಿಸಿದನು. ಈ ಸಂಗತಿ ವಿಶೇಷವಾಗಿ ಗಮನಾರ್ಹ. ಹುಳ್ಳನು ಒಂದು ದಿನದ ಸಂತರ್ಪಣೆಯನ್ನು ಮಾಡಿ ಹಿಂದಿರುಗಲಿಲ್ಲ. ತಾನಿಲ್ಲದ ಕಾಲದಲ್ಲಿಯೂ ದಾನವು ನಡೆಯುವಂತೆ ವ್ಯವಸ್ಥೆ ಮಾಡಿದನು. ದಾನವೆಂಬುದು ಒಂದು ದಿನದ ಖರ್ಚಲ್ಲ, ನಿತ್ಯವೂ ನಡೆಯಬೇಕಾದ ಲೆಕ್ಕವೆಂಬ ತಿಳಿವಳಿಕೆ ಅಂದಿನವರಿಗೆ ಇತ್ತು.

ವೈದ್ಯವನ್ನು ಕನ್ನಡಕ್ಕೆ ತಂದವರು

ಜೈನಾಗಮಗಳಲ್ಲಿ ವೈದ್ಯವು ಹೊರಗಿನ ವಿದ್ಯೆಯಲ್ಲ. ದ್ವಾದಶಾಂಗದ ದೃಷ್ಟಿವಾದದಲ್ಲಿ ಬರುವ ಹದಿನಾಲ್ಕು ಪೂರ್ವಗಳಲ್ಲಿ ಪ್ರಾಣಾವಾಯವೆಂಬ ಪೂರ್ವವು ಆಯುರ್ವೇದಕ್ಕೆ ಸಂಬಂಧಿಸಿದ್ದು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ಕಲ್ಯಾಣಕಾರಕವು ಈ ಪರಂಪರೆಯ ದೊಡ್ಡ ಗ್ರಂಥ. ಮದ್ಯ, ಮಾಂಸ, ಮಧುಗಳನ್ನು ಬಳಸದೆ ಚಿಕಿತ್ಸೆ ನಡೆಸಬಹುದೆಂಬುದನ್ನು ಅವರು ಪ್ರತಿಪಾದಿಸಿದರು. ಮಾಂಸಾಹಾರದ ನಿಷ್ಪ್ರಯೋಜಕತೆಯನ್ನು ನೃಪತುಂಗನ ಆಸ್ಥಾನದಲ್ಲಿ ವಿದ್ವಾಂಸರ ಮುಂದೆ ನಿರೂಪಿಸಿದರೆಂದು ಗ್ರಂಥದಲ್ಲಿಯೇ ಹೇಳಿದೆ. ಸೊಲ್ಲಾಪುರದಿಂದ 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಇದನ್ನು ಬೆಳಕಿಗೆ ತಂದರು. ಉಗ್ರಾದಿತ್ಯರು ಸ್ವಾಸ್ಥ್ಯವನ್ನು ಎರಡಾಗಿ ವಿಂಗಡಿಸುತ್ತಾರೆ. ಕರ್ಮಕ್ಷಯದಿಂದ ಆತ್ಮನಿಗೆ ದೊರೆಯುವುದು ಪಾರಮಾರ್ಥಿಕ ಸ್ವಾಸ್ಥ್ಯ. ದೋಷಧಾತುಗಳು ಸಮಸ್ಥಿತಿಯಲ್ಲಿದ್ದು ಅಗ್ನಿ ಸಮವಾಗಿ, ಮನಸ್ಸು ಪ್ರಸನ್ನವಾಗಿರುವುದು ವ್ಯಾವಹಾರಿಕ ಸ್ವಾಸ್ಥ್ಯ. ಮೊದಲನೆಯದರ ಸಾಧನೆಗೆ ಎರಡನೆಯದು ಬೇಕು. ಆದುದರಿಂದ ಶರೀರವನ್ನು ಕಾಪಾಡುವ ವಿದ್ಯೆ ಧರ್ಮಸಾಧನೆಯ ಒಂದು ಅಂಗವೇ ಆಗಿದೆ.

ಆದರೆ ಸಂಸ್ಕೃತ ಗ್ರಂಥವನ್ನು ಓದಬಲ್ಲವರು ಎಷ್ಟು ಮಂದಿ? ಈ ಕೊರತೆಯನ್ನು ತುಂಬಿದವರೂ ಕನ್ನಡದ ಜೈನ ಲೇಖಕರೇ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಹೆಸರಿನಲ್ಲಿ ಪ್ರಸಿದ್ಧವಾದ ವೈದ್ಯಗ್ರಂಥವನ್ನು ಕರ್ಣಾಟಕ ಕಲ್ಯಾಣಕಾರಕವೆಂದು ಕನ್ನಡಕ್ಕೆ ತಂದನು. ಅದಕ್ಕೆ ಮುನ್ನವೇ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ಗೋವೈದ್ಯವನ್ನು ಬರೆದಿದ್ದನು. ಮಾತು ಬಾರದ ಪ್ರಾಣಿಯ ನೋವಿಗೂ ಕನ್ನಡದಲ್ಲಿ ಶಾಸ್ತ್ರವಾಯಿತು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತ ಖಗೇಂದ್ರಮಣಿದರ್ಪಣವನ್ನು ರಚಿಸಿದನು. ಹಾವು ಕಚ್ಚುವುದು ಹೊಲದಲ್ಲಿ ದುಡಿಯುವವನಿಗೆ. ಅವನಾಡುವ ನುಡಿಯಲ್ಲಿಯೇ ಚಿಕಿತ್ಸೆಯ ಗ್ರಂಥವಿರಬೇಕೆಂಬ ವಿವೇಕ ಇಲ್ಲಿ ಕಾಣುತ್ತದೆ. ಇವರು ಮಾಡಿದ್ದು ಔಷಧದಾನವೋ ಶಾಸ್ತ್ರದಾನವೋ ಎಂದು ಬೇರ್ಪಡಿಸಿ ಹೇಳಲಾಗದು. ಎರಡೂ ಇಲ್ಲಿ ಒಂದಾಗಿವೆ.

ವೃಷಭಸೇನೆಯ ಕಥೆ

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಔಷಧದಾನಕ್ಕೆ ದೃಷ್ಟಾಂತವಾಗಿ ಬರುವವಳು ವೃಷಭಸೇನೆ. ವ್ಯಾಖ್ಯಾನಕಾರರು ಅವಳ ಕಥೆಯನ್ನು ವಿಸ್ತರಿಸಿದ್ದಾರೆ. ಅವಳು ಶ್ರೇಷ್ಠಿಯೊಬ್ಬನ ಮಗಳು. ಅವಳು ಮಿಂದ ನೀರು ತಗುಲಿದರೆ ರೋಗಗಳು ವಾಸಿಯಾಗುತ್ತಿದ್ದವು. ಇದಕ್ಕೆ ಕಾರಣ ಅವಳ ಪೂರ್ವಜನ್ಮ. ಆ ಜನ್ಮದಲ್ಲಿ ಜಿನಾಲಯದಲ್ಲಿ ಕಸ ಗುಡಿಸುತ್ತಿದ್ದ ಹುಡುಗಿಯಾಗಿದ್ದ ಅವಳು, ತಗ್ಗಿನಲ್ಲಿ ಧ್ಯಾನಸ್ಥರಾಗಿದ್ದ ಮುನಿಯು ಏಳಲಿಲ್ಲವೆಂಬ ಸಿಟ್ಟಿನಿಂದ ಅವರ ಮೇಲೆಯೇ ಕಸವನ್ನು ಸುರಿದಳು. ರಾಜನು ಬಂದು ಮುನಿಯನ್ನು ಹೊರತೆಗೆಸಿದ ಮೇಲೆ ಪಶ್ಚಾತ್ತಾಪದಿಂದ ಬೆಂದು, ಔಷಧವನ್ನಿತ್ತು ಅವರ ನೋವನ್ನು ಶಮನಗೊಳಿಸಿ ವೈಯಾವೃತ್ಯ ಮಾಡಿದಳು.

ಈ ಕಥೆಯಲ್ಲಿ ಎರಡು ಸೂಕ್ಷ್ಮಗಳಿವೆ. ಔಷಧದಾನಕ್ಕೆ ನಿದರ್ಶನವಾದವಳು ರಾಣಿಯಲ್ಲ, ಮಂದಿರದಲ್ಲಿ ಕಸ ಗುಡಿಸುವ ಹೆಣ್ಣುಮಗಳು. ಎರಡನೆಯದಾಗಿ, ಅವಳು ಶುಶ್ರೂಷೆ ಮಾಡಿದ್ದು ತನ್ನ ಅಲಕ್ಷ್ಯದಿಂದಲೇ ಉಂಟಾದ ನೋವಿಗೆ. ಸಮಾಜದ ಅಲಕ್ಷ್ಯದಿಂದ ಉಂಟಾದ ರೋಗಕ್ಕೆ ಸಮಾಜವೇ ಮದ್ದು ನೀಡಬೇಕಾದಾಗ ಅದನ್ನು ದಯೆಯೆಂದು ಬೀಗುವಂತಿಲ್ಲ. ಅದು ಋಣವನ್ನು ತೀರಿಸುವ ಕಾರ್ಯ.

ನುಡಿ ದೂರವಾದ ಕಾಲ

ಮುಂದಿನ ಶತಮಾನಗಳಲ್ಲಿ ಕೊಪಣದ ವೈಭವ ಇಳಿಮುಖವಾಯಿತು. ಬ್ರಿಟಿಷರ ಕಾಲದಲ್ಲಿ ಈ ಸೀಮೆ ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಸೇರಿತ್ತು. ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಾಗೀರಾಗಿತ್ತು. ಜನರ ನುಡಿ ಕನ್ನಡ, ಸರಕಾರದ ನುಡಿ ಉರ್ದು. ಕಚೇರಿಯ ಆಜ್ಞೆಯಾಗಲಿ, ರೋಗರುಜಿನದ ಎಚ್ಚರಿಕೆಯಾಗಲಿ ರೈತನ ಮನೆಯನ್ನು ಅವನ ಭಾಷೆಯಲ್ಲಿ ಮುಟ್ಟುವುದು ದುರ್ಲಭವಾಗಿತ್ತು. 1948ರಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ರಾಯಚೂರು ಜಿಲ್ಲೆಯ ಭಾಗವಾಗಿ ಈ ತಾಲೂಕುಗಳು ಕನ್ನಡನಾಡನ್ನು ಸೇರಿದವು. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳ ಪ್ರತ್ಯೇಕ ಕೊಪ್ಪಳ ಜಿಲ್ಲೆ ಅಸ್ತಿತ್ವಕ್ಕೆ ಬಂದುದು 1997ರಲ್ಲಿ. ಈಚೆಗೆ ಕಾರಟಗಿ, ಕನಕಗಿರಿ, ಕುಕನೂರು ತಾಲೂಕುಗಳು ಇವುಗಳಿಂದಲೇ ಒಡೆದು ರೂಪುಗೊಂಡಿವೆ.

ಹಿಂದುಳಿದಿರುವಿಕೆಯ ಹೊರೆ ಮಾತ್ರ ಒಮ್ಮೆಗೇ ಇಳಿಯಲಿಲ್ಲ. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಕುಷ್ಟಗಿ, ಯಲಬುರ್ಗಾಗಳು ಆ ಪಟ್ಟಿಯಲ್ಲಿದ್ದವು. 2001ರ ಜನಗಣತಿಯ ವೇಳೆಗೆ ಜಿಲ್ಲೆಯ ಸ್ತ್ರೀಯರಲ್ಲಿ ಅಕ್ಷರಸ್ಥರು ಶೇ. 40ರ ಆಸುಪಾಸಿನಲ್ಲಿದ್ದರು. 2011ರ ವೇಳೆಗೆ ಇದು ಶೇ. 57ನ್ನು ದಾಟಿತಾದರೂ ಪುರುಷರಿಗೂ ಸ್ತ್ರೀಯರಿಗೂ ನಡುವೆ ಸುಮಾರು 21 ಅಂಶಗಳ ಅಂತರ ಉಳಿಯಿತು. ಔಷಧದ ಚೀಟಿಯನ್ನು ಓದಲಾರದ ತಾಯಿ ಮಗುವಿಗೆ ಎಷ್ಟು ಮದ್ದನ್ನು ಯಾವ ಹೊತ್ತಿಗೆ ಕೊಡಬೇಕೆಂಬುದನ್ನು ನೆನಪಿನಿಂದಲೇ ನಡೆಸಬೇಕು. ಅಂದಿನ ಉರ್ದುವಿನ ಸ್ಥಾನದಲ್ಲಿ ಇಂದು ಇಂಗ್ಲಿಷ್ ಇದೆ. ಜಗದ್ದಳ ಸೋಮನಾಥನು ತುಂಬಿದ ಕೊರತೆ ಮತ್ತೆ ತೆರೆದುಕೊಂಡಿದೆ.

ಸೋಸಿದ ನೀರಿನ ಪಾಠ

ಅರಿವು ಹೇಗೆ ಕಾಪಾಡುತ್ತದೆ, ಅರಿವು ಹಳತಾದರೆ ಹೇಗೆ ಕೈಬಿಡುತ್ತದೆ ಎಂಬುದಕ್ಕೆ ಕುಡಿಯುವ ನೀರಿನ ಇತಿಹಾಸವೇ ಸಾಕ್ಷಿ. ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ ಕುಡಿಯುವುದು ಜೈನಗೃಹಸ್ಥನ ನಿತ್ಯಾಚಾರ. ಇದರ ಉದ್ದೇಶ ಜಲದಲ್ಲಿರುವ ಸೂಕ್ಷ್ಮಜೀವಿಗಳ ರಕ್ಷಣೆ. ಆದರೆ ಜೀವಿಗಳನ್ನು ರಕ್ಷಿಸಿದ ಬಟ್ಟೆ ಮನುಷ್ಯನನ್ನೂ ರಕ್ಷಿಸಿತು. ಹಿಂದೆ ಮೆಟ್ಟಿಲುಬಾವಿಗಳ ನೀರಿನಿಂದ ನಾರುಹುಣ್ಣು ಹರಡುತ್ತಿತ್ತು. ಹುಣ್ಣಾದ ಕಾಲನ್ನು ನೀರಿಗಿಟ್ಟಾಗ ಹುಳುವಿನ ಮರಿಗಳು ಹೊರಬಿದ್ದು, ನೀರಿನಲ್ಲಿರುವ ಕಿರುಜೀವಿಯೊಂದರ ಒಡಲನ್ನು ಸೇರಿ, ಆ ನೀರನ್ನು ಕುಡಿದವನ ದೇಹವನ್ನು ಹೊಗುತ್ತಿದ್ದವು. ಈ ರೋಗಕ್ಕೆ ಔಷಧವಿರಲಿಲ್ಲ, ಲಸಿಕೆಯೂ ಇರಲಿಲ್ಲ. ಬಟ್ಟೆಯಲ್ಲಿ ಸೋಸುವುದು, ಮೆಟ್ಟಿಲುಬಾವಿಗಳನ್ನು ಸೇದುಬಾವಿಗಳಾಗಿಸುವುದು, ಮನೆಮನೆಗೆ ತಿಳಿವಳಿಕೆ ನೀಡುವುದು ಇವೇ ಉಪಾಯಗಳು. ಕರ್ನಾಟಕವೂ ಸೇರಿದಂತೆ ದೇಶದ ಹಲವು ರಾಜ್ಯಗಳನ್ನು ಕಾಡಿದ ಈ ರೋಗದಿಂದ ಭಾರತವು ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ದೃಢೀಕರಿಸಿತು. ಬರಿಯ ಅರಿವಿನಿಂದಲೇ ಗೆದ್ದ ರೋಗವಿದು. 2003ರಲ್ಲಿ ಪ್ರಕಟವಾದ ಬಾಂಗ್ಲಾದೇಶದ ಅಧ್ಯಯನವೊಂದರಲ್ಲಿ, ಹಳೆಯ ಸೀರೆಯನ್ನು ಹಲವು ಮಡಿಕೆಗಳಾಗಿ ಮಡಿಸಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಸುಮಾರು ಅರ್ಧದಷ್ಟು ತಗ್ಗಿದುದು ಕಂಡುಬಂದಿತು.

ಬರಗಾಲಗಳ ಕಾರಣದಿಂದ ಬಯಲುಸೀಮೆಯಲ್ಲಿ ಕೊಳವೆಬಾವಿಗಳು ಬಂದವು. ನಾರುಹುಣ್ಣಿನ ಭಯ ಹೋಯಿತು. ಆದರೆ ಗ್ರಾನೈಟ್ ಶಿಲೆಗಳ ಆಳದಿಂದ ಬಂದ ನೀರು ಹಲವೆಡೆ ಫ್ಲೋರೈಡನ್ನು ಹೊತ್ತು ತಂದಿತು. ಕುಷ್ಟಗಿ, ಯಲಬುರ್ಗಾ ಭಾಗದ ಹಳ್ಳಿಗಳು ಇದರಿಂದ ಬಹಳ ಬಾಧೆಗೊಳಗಾದವು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಜಲಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಅದಕ್ಕೂ ಮೀರಿದ ನೀರನ್ನು ಬಹುಕಾಲ ಕುಡಿದರೆ ಮಕ್ಕಳ ಹಲ್ಲುಗಳಲ್ಲಿ ಕಂದುಕಲೆ ಮೂಡುತ್ತದೆ. ಪ್ರಮಾಣ ಹೆಚ್ಚಿದಂತೆ ದೊಡ್ಡವರ ಬೆನ್ನು, ಕುತ್ತಿಗೆ, ಕೀಲುಗಳು ಬಿಗಿದುಕೊಳ್ಳುತ್ತವೆ. ಭಾರತದಲ್ಲಿ ಈ ರೋಗವನ್ನು 1937ರಲ್ಲಿಯೇ ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಲಾಗಿತ್ತು. ರಾಷ್ಟ್ರೀಯ ಮಟ್ಟದ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ ಆರಂಭವಾದುದು 2008-09ರಲ್ಲಿ. ಅರಿವಿಗೂ ಕಾರ್ಯಕ್ಕೂ ನಡುವೆ ಏಳು ದಶಕಗಳು ಕಳೆದುಹೋದವು.

ಇಲ್ಲಿ ಧಾರ್ಮಿಕ ಕುಟುಂಬಗಳು ತಿಳಿದಿರಬೇಕಾದ ಕಠಿಣ ಸತ್ಯವೊಂದಿದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನೀರಿನಲ್ಲಿ ಕರಗಿರುವುದರಿಂದ ಎಷ್ಟು ಮಡಿಕೆಯ ಬಟ್ಟೆಯಲ್ಲಿ ಸೋಸಿದರೂ ಹೋಗದು. ಕಾಯಿಸಿದರೆ ನೀರು ಆವಿಯಾಗಿ ಫ್ಲೋರೈಡಿನ ಸಾಂದ್ರತೆ ಇನ್ನಷ್ಟು ಹೆಚ್ಚುತ್ತದೆಯೇ ಹೊರತು ತಗ್ಗದು. ಸೋಸಿ ಕಾಯಿಸಿದ ಪ್ರಾಸುಕ ನೀರನ್ನೇ ಶ್ರದ್ಧೆಯಿಂದ ಕುಡಿಯುವ ಮನೆಯೂ ಈ ಬಾಧೆಗೆ ಹೊರತಲ್ಲ. ಇದರಿಂದ ಆಚಾರವು ವ್ಯರ್ಥವೆಂದು ತಿಳಿಯಬಾರದು. ಆಚಾರಕ್ಕೆ ಇಂದಿನ ಅರಿವು ಜೊತೆಯಾಗಬೇಕೆಂದು ತಿಳಿಯಬೇಕು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ನದಿಯ ನೀರನ್ನು ಬಹುಗ್ರಾಮ ಯೋಜನೆಗಳ ಮೂಲಕ ಒಣಭೂಮಿಯ ಹಳ್ಳಿಗಳಿಗೆ ತರುವ ಕಾರ್ಯವೂ ನಡೆದಿದೆ. ಆದರೆ ನಲ್ಲಿಯಲ್ಲಿ ನದಿಯ ನೀರು ಬಾರದ ದಿನ ಯಾವ ಕೊಳವೆಬಾವಿಯ ನೀರನ್ನು ಕುಡಿಯಬಹುದು, ಯಾವುದನ್ನು ಬಟ್ಟೆ ಒಗೆಯಲು ಮಾತ್ರ ಬಳಸಬೇಕು ಎಂಬುದನ್ನು ಮನೆಯ ಹೆಣ್ಣುಮಕ್ಕಳು ಬಲ್ಲವರಾಗಬೇಕು.

ತಾಯಂದಿರ ಮರಣ

ಕೊಪ್ಪಳ ಜಿಲ್ಲೆಯ ಹೆಸರು ಲೋಕದ ಆರೋಗ್ಯ ಸಾಹಿತ್ಯದಲ್ಲಿ ಕಾಣಿಸಿಕೊಂಡುದು ದುಃಖದ ಕಾರಣದಿಂದ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಪ್ರೊ. ಗೀತಾ ಸೇನ್ ಮತ್ತು ಅವರ ಸಹೋದ್ಯೋಗಿಗಳು ಈ ಶತಮಾನದ ಆರಂಭದಿಂದ ಈ ಜಿಲ್ಲೆಯಲ್ಲಿ ಲಿಂಗಭೇದ ಮತ್ತು ಆರೋಗ್ಯ ಸಮಾನತೆಯನ್ನು ಕುರಿತು ದೀರ್ಘಕಾಲದ ಕಾರ್ಯವನ್ನು ಕೈಗೊಂಡರು. 60 ಹಳ್ಳಿಗಳಲ್ಲಿ ಮನೆಮನೆಯ ಸಮೀಕ್ಷೆಯನ್ನು ನಡೆಸಿದರು. ಹೆರಿಗೆಯಲ್ಲಿ ತೀರಿಕೊಂಡ ತಾಯಂದಿರ ಮನೆಗಳಿಗೆ ಹೋಗಿ, ಬಂಧುಗಳೂ ಆರೋಗ್ಯ ಸಿಬ್ಬಂದಿಯೂ ಹೇಳಿದ ವಿವರಗಳನ್ನು ಜೋಡಿಸಿ, ಪ್ರತಿಯೊಂದು ಸಾವಿನ ಹಾದಿಯನ್ನು ಗುರುತಿಸಿದರು. ಇದೇ ಯೋಜನೆಯ ಹಿನ್ನೆಲೆಯಲ್ಲಿ ಆಶಾ ಜಾರ್ಜ್ ಅವರು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಆಸ್ಪತ್ರೆಗೆ ಹೋದ ಸ್ತ್ರೀಯರೂ ಸತ್ತಿರುವರೆಂಬ ಕಹಿಸತ್ಯ ಹೊರಬಂದಿತು. ಮಾಹಿತಿಯ ದುರ್ಬಲತೆ, ಒಬ್ಬರ ಆರೈಕೆಯಿಂದ ಮತ್ತೊಬ್ಬರ ಆರೈಕೆಗೆ ಹೋಗುವಾಗ ಕಡಿದುಹೋಗುವ ಕೊಂಡಿ, ಬೆಂಬಲವಿಲ್ಲದ ಆರೋಗ್ಯ ಕಾರ್ಯಕರ್ತೆಯರು, ಕ್ರಮವಿಲ್ಲದೆ ಒಂದೆಡೆಯಿಂದ ಇನ್ನೊಂದೆಡೆಗೆ ಕಳುಹಿಸುವ ಪದ್ಧತಿ, ಹೊಣೆಗಾರಿಕೆಯ ವಿಕಾರ ಇವನ್ನು ಅವರು ಕಾರಣಗಳೆಂದು ಗುರುತಿಸಿದರು.

ಅದೇ ಸಮೀಕ್ಷೆಯ ಆಧಾರದ ಮೇಲೆ ನಡೆದ ಮತ್ತೊಂದು ವಿಶ್ಲೇಷಣೆ ವರ್ತಕ ಕುಟುಂಬಗಳು ಅವಶ್ಯ ಮನನ ಮಾಡಬೇಕಾದುದು. ದೀರ್ಘಕಾಲದ ಕಾಯಿಲೆಗೆ ಚಿಕಿತ್ಸೆ ದೊರೆಯುವುದರಲ್ಲಿ ಬಡತನವೂ ಹೆಣ್ಣುತನವೂ ಒಂದನ್ನೊಂದು ಹೆಣೆದುಕೊಂಡು ಕೆಲಸ ಮಾಡುತ್ತವೆಂದು ಅದು ತೋರಿಸಿತು. ಎರಡರ ಹೊರೆಯನ್ನೂ ಹೊತ್ತ ಬಡ ಹೆಣ್ಣುಮಗಳು ಎಲ್ಲರಿಗಿಂತ ಕೆಳಗಿರುತ್ತಾಳೆ. ಬಡವನಿಗೆ ಗಂಡಸೆಂಬ ಅನುಕೂಲವಾದರೂ ಇರುತ್ತದೆ. ಉಳ್ಳವರ ಮನೆಯ ಹೆಣ್ಣುಮಗಳಿಗೆ ಹಣದ ಅನುಕೂಲವಿದ್ದರೂ ಹೆಣ್ಣೆಂಬ ಕಾರಣಕ್ಕಾಗಿ ಆ ಮನೆಯ ಗಂಡಸಿಗೆ ದೊರೆಯುವಷ್ಟು ದೊರೆಯದು. ಎಂದರೆ ತಿಜೋರಿ ತುಂಬಿದ ಮನೆಯಲ್ಲಿಯೂ ಅತ್ತೆ, ಸೊಸೆ, ವಿಧವೆಯಾದ ಅಕ್ಕ ತಮ್ಮ ನೋವನ್ನು ನುಂಗಿಕೊಂಡಿರಬಹುದು. ಇದನ್ನು ಸಂಯಮವೆಂದು ಹೊಗಳುವ ಅಭ್ಯಾಸ ಸಮಾಜಕ್ಕಿದೆ. ಹೇಳಿಕೊಳ್ಳಲು ಅವಕಾಶವಿಲ್ಲದ ಮೌನ ತಪಸ್ಸಲ್ಲ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದು, ಹಳ್ಳಿಹಳ್ಳಿಗೆ ಆಶಾ ಕಾರ್ಯಕರ್ತೆಯರು ನೇಮಕವಾದರು. ಆಸ್ಪತ್ರೆಯ ಹೆರಿಗೆಗಳು ಹೆಚ್ಚಿದವು. ಕೊಪ್ಪಳದಲ್ಲಿ 2015ರಲ್ಲಿ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾಯಿತು. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 2001-03ರಲ್ಲಿ 228 ಇದ್ದ ತಾಯಂದಿರ ಮರಣ 2018-20ರಲ್ಲಿ 69ಕ್ಕೆ ಇಳಿಯಿತು. ಇದು ಸಾಮಾನ್ಯ ಸಾಧನೆಯಲ್ಲ. ಆದರೂ ಉಳಿದ ಸಾವುಗಳಲ್ಲಿ ಬಹುಪಾಲು ತಪ್ಪಿಸಬಹುದಾದವು. ಬಸುರಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಿದ್ದರೆ ತೀವ್ರ ಅಪಾಯ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳು ಬಾತುಕೊಳ್ಳುವುದು ರಕ್ತದೊತ್ತಡ ಏರಿರುವುದರ ಸೂಚನೆ. ಅಲಕ್ಷಿಸಿದರೆ ಸೆಳವು ಬರುತ್ತದೆ. ಹೆರಿಗೆಯ ನಂತರದ ರಕ್ತಸ್ರಾವ ಕೆಲವೇ ಗಂಟೆಗಳಲ್ಲಿ ಜೀವವನ್ನು ಒಯ್ಯುತ್ತದೆ. ಈ ನಾಲ್ಕಾರು ವಾಕ್ಯಗಳು ಮನೆಯ ಹಿರಿಯರಿಗೆ ತಿಳಿದಿದ್ದರೆ ವಾಹನವನ್ನು ಕರೆಸುವ ನಿರ್ಧಾರ ಬೆಳಗಾಗುವವರೆಗೆ ಕಾಯುವುದಿಲ್ಲ.

ವ್ರತನಿಯಮಗಳ ವಿಷಯದಲ್ಲಿಯೂ ಅರಿವು ಬೇಕು. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನೂ ತ್ಯಾಗವನ್ನೂ ಶಕ್ತಿಗೆ ತಕ್ಕಂತೆ ಮಾಡಬೇಕೆಂದು ವಿಧಿಸಲಾಗಿದೆ. ರಕ್ತಹೀನಳಾದ ಗರ್ಭಿಣಿಯ ಉಪವಾಸವಾಗಲಿ, ಇನ್ಸುಲಿನ್ ಪಡೆಯುವ ವೃದ್ಧರು ವೈದ್ಯರಿಗೆ ತಿಳಿಸದೆ ಮಾಡುವ ಅನಶನವಾಗಲಿ ಶಕ್ತಿಯನ್ನು ಅರಿತ ತಪವಲ್ಲ. ಒಡಲೊಳಗಿನ ಶಿಶುವೂ ಪಂಚೇಂದ್ರಿಯ ಜೀವವೇ. ಅದರ ರಕ್ಷಣೆ ಅಹಿಂಸೆಯ ಮೊದಲ ಪಾಠ.

ಟ್ರಸ್ಟುಗಳ ಹೊಣೆ

ಬಸದಿಯ ಜೀರ್ಣೋದ್ಧಾರ, ಪಂಚಕಲ್ಯಾಣ, ಮಾನಸ್ತಂಭಗಳಿಗೆ ಸಮಾಜವು ಉದಾರವಾಗಿ ವ್ಯಯಿಸುತ್ತದೆ. ಅದು ಯೋಗ್ಯವೂ ಹೌದು. ಆರೋಗ್ಯಕ್ಕಾಗಿ ಮಾತ್ರ ವರ್ಷಕ್ಕೊಂದು ದಿನದ ಶಿಬಿರವನ್ನು ಏರ್ಪಡಿಸಿ, ಮಾತ್ರೆಗಳನ್ನು ಹಂಚಿ, ಭಾವಚಿತ್ರ ತೆಗೆಸಿಕೊಂಡು ಲೆಕ್ಕ ಮುಗಿಸುವ ರೂಢಿಯಿದೆ. ರಕ್ತದೊತ್ತಡದ ಮಾತ್ರೆಯನ್ನು ಹತ್ತು ದಿನಕ್ಕೆ ಕೊಟ್ಟು, ಹನ್ನೊಂದನೆಯ ದಿನ ಏನು ಮಾಡಬೇಕೆಂದು ಹೇಳದೆ ಬಂದರೆ ಆ ದಾನದ ಜಮೆ ಯಾವ ಖಾತೆಗೆ ಸೇರಬೇಕು? ಖರ್ಚು ಬರೆದದ್ದರಿಂದಲೇ ದಾನವು ಪೂರ್ಣವಾಗುವುದಿಲ್ಲ.

ಹುಳ್ಳ ದಂಡನಾಯಕನ ಮೇಲ್ಪಂಕ್ತಿಯನ್ನು ಅನುಸರಿಸುವುದು ಕಷ್ಟವಲ್ಲ. ಗ್ರಾಮದ ಪ್ರತಿಯೊಂದು ಕೊಳವೆಬಾವಿಯ ನೀರನ್ನು ವರ್ಷಕ್ಕೆರಡು ಬಾರಿ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬಾವಿಯ ಬಳಿ ಬರೆಸಬಹುದು. ಓದಬಾರದವರಿಗಾಗಿ ಕೆಂಪು, ಹಸಿರು ಬಣ್ಣ ಬಳಿಸಬಹುದು. ಸ್ವಾಧ್ಯಾಯಕ್ಕೆ ನೆರೆಯುವ ಶ್ರಾವಿಕೆಯರ ಮುಂದೆ ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆಯೊಬ್ಬರು ಅರ್ಧ ಗಂಟೆ ಮಾತನಾಡುವಂತೆ ಮಾಡಬಹುದು. ಆ ಸಭೆಗೆ ಬಸದಿಯ ಕಸ ಗುಡಿಸುವವಳನ್ನೂ ಅಂಗಡಿಯ ಹಮಾಲರ ಹೆಂಡಂದಿರನ್ನೂ ಕರೆದು ಅದೇ ಚಾಪೆಯ ಮೇಲೆ ಕೂರಿಸಿದರೆ ವೃಷಭಸೇನೆಯ ಕಥೆಯನ್ನು ಓದಿದ್ದು ಸಾರ್ಥಕವಾಗುತ್ತದೆ. ಗಂಗಾವತಿಯ ತುಂಗಭದ್ರಾ ಕಾಲುವೆಯ ಬಯಲಿನಲ್ಲಿ ಭತ್ತಕ್ಕೆ ಕೀಟನಾಶಕ ಸಿಂಪಡಿಸುವ ಕೂಲಿಗಳಿಗೆ, ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ಅಂಗಡಿಯ ವರ್ತಕನೇ ಓದಿ ಹೇಳಬಹುದು. ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ. ಮಂಗರಾಜನು ಮಾಡಿದ ಕಾರ್ಯವೂ ಇದೇ ಬಗೆಯದು.

ಪಾಲ್ಕಿಗುಂಡಿನ ಬಂಡೆಯ ಮೇಲೆ ಚಾವಯ್ಯನು ಮಾಡಿಸಿದ ಪಾದಗಳು ಇಂದಿಗೂ ಇವೆ. ಆ ಎತ್ತರದಿಂದ ಕೆಳಗೆ ಕಾಣುವ ಊರುಗಳಲ್ಲಿ ಮಗುವೊಂದರ ಹಲ್ಲು ಕಂದಾಗದಂತೆ, ತಾಯಿಯೊಬ್ಬಳು ಹೆರಿಗೆಯಲ್ಲಿ ಸಾಯದಂತೆ ನೋಡಿಕೊಳ್ಳುವುದು ಆ ಪಾದಗಳಿಗೆ ಸಲ್ಲಿಸುವ ಪೂಜೆಗಿಂತ ಕಡಿಮೆಯಾದುದಲ್ಲ. ಅಭಯ, ಆಹಾರ, ಭೈಷಜ್ಯ, ಶಾಸ್ತ್ರಗಳು ಅಂದಿನ ಕೊಪಣದಲ್ಲಿ ಒಂದೇ ದಾನದ ನಾಲ್ಕು ಮುಖಗಳಾಗಿದ್ದವು. ಅವುಗಳನ್ನು ಮತ್ತೆ ಒಂದುಗೂಡಿಸುವುದು ಇಂದಿನ ಶ್ರಾವಕರ ಕರ್ತವ್ಯ.